ಸುಹಾಸಚಂದ್ರ ಸತ್ತಿದ್ದಕ್ಕೆ ತಲೆಸ್ನಾನ

ಪ್ರಶಸ್ತಿ ಕೊಡುವವರ ಮೇಲೆ ನನಗೆ ಕೆಟ್ಟ ಸಿಟ್ಟಿದೆ. ನಟ ಸುಹಾಸಚಂದ್ರ ಮೊದಲನೇ ಸಿನಿಮಾದಲ್ಲಿ ಎಷ್ಟು ಚೆಂದ ನಗುತ್ತಿದ್ದ! ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಯಾರೋ ಪುಣ್ಯಾತ್ಮರು ಕರೆದು ಒಂದು ಪ್ರಶಸ್ತಿ ಕೊಟ್ಟರು ನೋಡಿ, ಅವತ್ತಿನಿಂದ ನಗುವುದನ್ನೇ ಬಿಟ್ಟ. ಒಂದು ಸಿನಿಮಾದಲ್ಲಿ ಹೆಣ ಹೂಳುವವನಾದ. ಇನ್ನೊಂದರಲ್ಲಿ ಮಧ್ಯಂತರದವರೆಗೂ ಗೋಡೆ ನೋಡುತ್ತ ಕೂತ (ಮಧ್ಯಂತರದ ನಂತರ ಗೋಡೆ ಬಿತ್ತು). ನಾನು ಒಂದನ್ನೂ ಬಿಟ್ಟಿಲ್ಲ. ಎಲ್ಲಾದರೂ ಮರೆತಾದರೂ ನಕ್ಕಾನು, ಆ ಗುಳಿ ಕಂಡೀತು ಎಂಬ ಆಸೆ.

ಪಂಪ್‌ಸೆಟ್ ರಿಪೇರಿ ಮಾಡುವ ನನ್ನ ಗಂಡ ಪರಶುರಾಮ್ ಪಕ್ಕದ ಸೀಟಿನಲ್ಲಿ ಗೊರಕೆ ಹೊಡೆಯುತ್ತಾರೆ. ನಡುವೆ ಎಚ್ಚರವಾದರೆ, "ಸತ್ನಾ?" ಎನ್ನುತ್ತಾರೆ.

"ಇನ್ನೂ ಇಲ್ರೀ."

"ಸತ್ತಾಗ ಎಬ್ಬಿಸು. ರಶ್ ಆಗೋದ್ರೊಳಗೆ ಗಾಡಿ ತೆಗೀಬೇಕು."

ನಮ್ಮತ್ತೆ ಮೈಲಮ್ಮನವರ ಕಾನೂನು ಇನ್ನೂ ಕಠಿಣ. "ರೊಕ್ಕ ಕೊಟ್ಟು ಅತ್ತು ಬರೋದು ಯಾವ ಚಂದನೇ ನೇತ್ರಾ? ಇನ್ನೊಂದ್ ಸಲ ಆ ಸೂತಕದ ಮುಖದವನ್ನ ನೋಡಾಕೆ ಹೋದ್ರೆ, ಟಿ.ವಿ. ನನ್ ಕೋಣೆಗೆ ಹೋಗ್ತೈತೆ, ತಿಳ್ಕೋ!" ಎಂದು ಎಚ್ಚರಿಕೆ ಹೊರಡಿಸಿದ್ದರು.

ಅಷ್ಟರಲ್ಲಿ ಅವನ ಹೊಸ ಸಿನಿಮಾ ಬಂತು. ನಮ್ಮ ದಾವಣಗೆರೆಯಲ್ಲಿ ಹಾಕಲೇ ಇಲ್ಲ. ಹರಿಹರದಲ್ಲಿ ಹಾಕಿದವರೂ ನಾಳೆಯೇ ತೆಗೆಯುತ್ತಾರೆಂದು ಗೊತ್ತಾಯಿತು. ನಾನು ಬಹಳ ಯೋಚಿಸಿ ಒಂದು ಸುಳ್ಳು ಹೆಣೆದೆ.

"ಹರಿಹರದ ಸೂರಪ್ಪ ಮಾವಗೆ ಕೆಮ್ಮು ಜಾಸ್ತಿ ಆಗೈತಂತೆ ಅತ್ತೆ. ನೋಡ್ಕೊಂಡು ಬರ್ತೀವಿ."

ಸೂರಪ್ಪ ಅತ್ತೆಯ ದೊಡ್ಡಮ್ಮನ ಮಗ. ನಮ್ಮ ಮದುವೆಯ ಊಟದಲ್ಲಿ, "ನಿನ್ ರೊಟ್ಟಿ ತಿಂದ್ರೆ ಹಲ್ಲು ಉದುರ್ತಾವೆ" ಎಂದು ನಾಲ್ಕು ಜನರೆದುರು ಅತ್ತೆಗೆ ಅಂದಿದ್ದರು. ಅಂದಿನಿಂದ ಅಣ್ಣ ತಂಗಿಗೆ ಮಾತಿಲ್ಲ. ಹಾಗಾಗಿ ಅತ್ತೆ ಫೋನ್ ಮಾಡಿ ವಿಚಾರಿಸುವ ಭಯವಿರಲಿಲ್ಲ. (ನನ್ನ ಬುದ್ಧಿಗೆ ನಾನೇ ತಲೆದೂಗಿದ್ದೆ.) ಅತ್ತೆ ಒಳಗೆ ಹೋಗಿ ಒಂದು ಜೇನುತುಪ್ಪದ ಶೀಶೆ ತಂದರು. "ಕೆಮ್ಮಿಗೆ ಕೊಡು. ನಾನು ಕೊಟ್ಟೆ ಅನ್ನಬ್ಯಾಡ." ನನಗೆ ಅವರ ಮುಖ ನೋಡಲಾಗಲಿಲ್ಲ. ಆದರೂ ಹೋದೆ.

ಶೀಶೆ ನನ್ನ ಬ್ಯಾಗಿನಲ್ಲಿ ಕೂತು ಪೂರ್ತಿ ಸಿನಿಮಾ ನೋಡಿತು. ಸುಹಾಸಚಂದ್ರ ಅದರಲ್ಲಿ ಮೊದಲಿನಿಂದ ಕೊನೆಯವರೆಗೆ ಕೆಮ್ಮಿದ, ಆಮೇಲೆ ಸತ್ತ. ಒಂದು ಸಲವೂ ನಗಲಿಲ್ಲ. ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ನಿದ್ದೆಯಿಂದ ಎಬ್ಬಿಸಿದ್ದಕ್ಕೆ ಗಂಡನ ಕಣ್ಣೂ ಕೆಂಪಾಗಿತ್ತು.

ಮನೆ ಮುಟ್ಟಿದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ನಮ್ಮಿಬ್ಬರ ಕಣ್ಣು ನೋಡಿದರು. ಬ್ಯಾಗಿನಿಂದ ಇಣುಕುತ್ತಿದ್ದ, ಮುಚ್ಚಳ ತೆಗೆಯದ ಶೀಶೆ ನೋಡಿದರು.

"ಅಲ್ಲೇ ನಿಂದ್ರಿ! ಒಳಗ್ ಬರಬ್ಯಾಡ್ರಿ!"

ಸತ್ತವರ ಮನೆಯಿಂದ ಬಂದವರು ಸ್ನಾನ ಮಾಡದೆ ಹೊಸ್ತಿಲು ದಾಟುವಂತಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಇಬ್ಬರ ತಲೆಯ ಮೇಲೂ ಒಂದೊಂದು ಕೊಡ ತಣ್ಣೀರು ಬಿತ್ತು. ಬಾಯಿ ಬಿಟ್ಟರೆ ಸಿನಿಮಾ ಹೊರಬೀಳುತ್ತದೆ, ಮುಚ್ಚಿಕೊಂಡರೆ ಸೂರಪ್ಪ ಮಾವ ಸಾಯುತ್ತಾರೆ. ನಾನು ಮುಚ್ಚಿಕೊಂಡೆ. ಗಂಡ ಹಲ್ಲು ಕಟಕಟಿಸುತ್ತ, "ಹೇಳೇ, ಮಾರಾಯ್ತಿ" ಎಂದು ಪಿಸುಗುಟ್ಟಿದರು.

ಸೀರೆ ಬದಲಿಸುವಾಗ ಹಿತ್ತಲಲ್ಲಿ ಅತ್ತೆ ಸೆರಗು ಬಾಯಿಗಿಟ್ಟು ಅಳುವುದು ಕೇಳಿಸಿತು. ತಡೆಯಲಾಗಲಿಲ್ಲ. ಏನಾದರಾಗಲಿ, ಹೇಳಿಬಿಡೋಣ ಎಂದು ಹೊರಬಂದರೆ ಅತ್ತೆ ಇಲ್ಲ! ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ರಾತ್ರಿಗೆಂದು ಬಡಿದಿಟ್ಟ ರೊಟ್ಟಿ, ಪಲ್ಯವನ್ನೆಲ್ಲ ಬುತ್ತಿ ಕಟ್ಟಿಕೊಂಡು ಆಟೋ ಹತ್ತಿ ಹರಿಹರಕ್ಕೆ ಹೊರಟೇಬಿಟ್ಟಿದ್ದರು. ಒದ್ದೆ ತಲೆಯಲ್ಲೇ ಬೈಕ್ ಹತ್ತಿ ನಾವೂ ಬೆನ್ನು ಹತ್ತಿದೆವು.

ನಾವು ಮುಟ್ಟುವಷ್ಟರಲ್ಲಿ ಅತ್ತೆ ಮಾವನ ಮನೆಯ ಕಟ್ಟೆಯ ಮುಂದೆ ಬುತ್ತಿ ಹಿಡಿದು ನಿಂತಿದ್ದರು. ಕಟ್ಟೆಯ ಮೇಲೆ ಸೂರಪ್ಪ ಮಾವ ಗಟ್ಟಿಮುಟ್ಟಾಗಿ ಕೂತು ಮಂಡಕ್ಕಿ ಮೇಯುತ್ತಿದ್ದರು.

"ಯಾಕ ಮೈಲವ್ವ, ಅಳ್ತಿ? ಯಾರು ಹೋದ್ರು?"

ಅತ್ತೆ ತಿರುಗಿ ನನ್ನನ್ನು ನೋಡಿದರು. ನಾನು ಗಂಡನ ಹಿಂದೆ ಸರಿದು, "ಸುಹಾಸಚಂದ್ರ, ಅತ್ತೆ... ಸಿನಿಮಾದಾಗೆ" ಎಂದೆ.

ಅತ್ತೆ ಬುತ್ತಿ ಬಿಚ್ಚಿ ಅಣ್ಣನ ಮುಂದಿಟ್ಟರು. "ಉಣ್ಣು."

ಸೂರಪ್ಪ ಮಾವ ಒಂದು ತುತ್ತು ಮುರಿದು ಬಾಯಿಗಿಟ್ಟರು. "ಈ ಸಲ ರೊಟ್ಟಿ ಮೆತ್ತಗದಾವೆ ಬಿಡು" ಎಂದರು. ಅತ್ತೆ ಅಳುತ್ತಲೇ ನಕ್ಕುಬಿಟ್ಟರು.

ಸೂರಪ್ಪ ಮಾವ ಈಗ ನಮ್ಮ ಮನೆಯಲ್ಲೇ ಇದ್ದಾರೆ. ಟಿ.ವಿ.ಯೂ ಹೇಳಿದ ಮಾತಿನಂತೆ ಅತ್ತೆಯ ಕೋಣೆ ಸೇರಿದೆ. ನಿನ್ನೆ ಸಂಜೆ ಅಣ್ಣ ತಂಗಿಗೆ ಮೆಣಸಿನಕಾಯಿ ಕರಿಯುತ್ತಿದ್ದೆ.

"ನೇತ್ರಾ, ಬಾರೇ! ನಿನ್ ಸುಹಾಸ ನಗ್ತಾನೆ ನೋಡು! ಎಂಥಾ ಗುಳಿ ಬೀಳ್ತೈತೆ!" ಎಂದು ಅತ್ತೆ ಕೋಣೆಯಿಂದ ಕೂಗಿದರು.

ಅದೇ ಮೊದಲನೇ ಸಿನಿಮಾ! ಹಿಟ್ಟಿನ ಕೈಯಲ್ಲೇ ಓಡಿದೆ. ಪರದೆಯ ಮೇಲೆ ಪಂಪ್‌ಸೆಟ್ ಜಾಹೀರಾತು ಬರುತ್ತಿತ್ತು. ಮೂಲೆಯಲ್ಲಿ ನನ್ನ ಗಂಡ ಕಣ್ಣು ಅಗಲಿಸಿ ಕೂತಿದ್ದರು. "ಇವ್ನು ಇಷ್ಟ್ ಚಂದ ನಗ್ತಾನೆ ಅಂತ ನೀನು ಹೇಳೇ ಇಲ್ವಲ್ಲೇ!"

"ಸೀದ ವಾಸನೆ ಬರ್ತೈತೆ, ಹೋಗವ್ವ" ಎಂದರು ಅತ್ತೆ.

ಹೋದೆ. ಬಾಣಲೆಯ ಮುಂದೆ ನಿಂತಾಗ ಒಳಗಿನಿಂದ ಮೂವರೂ ಬಿದ್ದು ಬಿದ್ದು ನಗುವುದು ಕೇಳಿಸಿತು. ಅವನೂ ನಗುತ್ತಿದ್ದಿರಬೇಕು.