ಬಿಸ್ಕತ್ ಡಬ್ಬದೊಳಗಿನ ಮದುವೆಗಳು

ಹುಣಸೂರು ತಾಲ್ಲೂಕಿನ ಅರ್ಧಕ್ಕರ್ಧ ಮದುವೆಗಳು ನಮ್ಮ ಸೋದರಮಾವನ ಬಿಸ್ಕತ್ ಡಬ್ಬದಲ್ಲಿವೆ ಎಂದರೆ ನೀವು ನಗುತ್ತೀರಿ. ನಗಿ, ನಾನೂ ನಕ್ಕವನೇ! ಮಾವನದು ಪೇಟೆಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿಕೊಡುವ ಅಂಗಡಿ. ಮಾಡಿದ್ದನ್ನೆಲ್ಲ ಫ್ಲಾಪಿಗೆ ತುಂಬಿ, ಫ್ಲಾಪಿಗಳನ್ನೆಲ್ಲ ಡಬ್ಬಕ್ಕೆ ತುಂಬುತ್ತಿದ್ದ. ಊರೆಲ್ಲ ಸಿ.ಡಿ., ಪೆನ್‌ಡ್ರೈವ್ ಎಂದು ಓಡಿದರೂ ಮಾವ ಕದಲಲಿಲ್ಲ. "ಫ್ಲಾಪಿ ಅಂದ್ರೆ ಕೈಗೆ ಸಿಕ್ತದೆ ಕಣ್ಲಾ. ಪೆನ್‌ಡ್ರೈವು ಬೀಡಿ ಜೊತೆ ಕಳೆದೋಯ್ತದೆ!"

ಯಾರದೇ ಮನೆಯಲ್ಲಿ ಅಕ್ಕನ ಮದುವೆಯ ಪತ್ರಿಕೆಯನ್ನೇ ತೆಗೆದು ಹೆಣ್ಣುಗಂಡಿನ ಹೆಸರು, ತಾರೀಕು ಬದಲಾಯಿಸಿದರೆ ತಂಗಿಯ ಮದುವೆಗೂ ಆಯಿತು. ಮಾವ ಬದಲಾಯಿಸುತ್ತಿದ್ದುದೂ ಅಷ್ಟನ್ನೇ! ಕಟ್ಟೆಮಳಲವಾಡಿಯ ಒಂದು ಮನೆಯ ಪತ್ರಿಕೆಯಲ್ಲಿ, ಮಣ್ಣು ಸೇರಿ ವರ್ಷಗಳೇ ಆಗಿದ್ದ ಅಜ್ಜ 'ಸುಖಾಗಮನ ಬಯಸುವವರ' ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದರು. ಮನೆಯವರು ಜಗಳಕ್ಕೆ ಬಂದರೆ, "ಹಿರೀಕರು ತಾವಾಗೇ ಕರೆದ್ರೆ ಬ್ಯಾಡ ಅಂತೀರೇನ್ರೀ?" ಎಂದು ಮಾವನೇ ದಬಾಯಿಸಿದ.

ಇನ್ನು ಆಯುಧಪೂಜೆ. ಕಂಪ್ಯೂಟರಿಗೆ ಒಂದು ಹೂವಿಟ್ಟು ಸುಮ್ಮನಿರಬಾರದೆ? ಫ್ಲಾಪಿಗಳನ್ನು ಬಾಳೆಲೆಯ ಮೇಲೆ ಜೋಡಿಸಿ, ಒಂದೊಂದರ ತಗಡಿಗೂ ಅರಿಶಿನ ಕುಂಕುಮ ಇಟ್ಟು, ಮೇಲೆ ನೀರು ಪ್ರೋಕ್ಷಣೆ! ದೇವರು ಒಲಿದನೋ ಇಲ್ಲವೋ, ಎಷ್ಟೋ ಮದುವೆಗಳು ಮಾತ್ರ ನೀರುಪಾಲಾದವು. ಎಲ್ಲಕ್ಕಿಂತ ದೊಡ್ಡ ಬೊಟ್ಟು ಬಿದ್ದದ್ದು ಅತ್ತೆಯ ಫ್ಲಾಪಿಗೆ.

ದೊಡ್ಡ ಮಗಳ ಲಗ್ನಪತ್ರಿಕೆಯನ್ನು ಅತ್ತೆಯೇ ಅಂಗಡಿಯಲ್ಲಿ ಕೂತು, ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದ್ದಳು. ಮರುವರ್ಷವೇ ತೀರಿಕೊಂಡಳು. ಈಗ ಚಿಕ್ಕವಳಿಗೆ ಗಂಡು ಗೊತ್ತಾಗಿತ್ತು. ಪತ್ರಿಕೆ ಆ ಫ್ಲಾಪಿಯಿಂದಲೇ ಆಗಬೇಕೆಂದು ಮಾವನ ಹಟ.

ಆದರೆ ನಾನು ಕೊಡಿಸಿದ್ದ ಹೊಸ ಕಂಪ್ಯೂಟರಿಗೆ ಫ್ಲಾಪಿ ಹಾಕುವ ಬಾಯಿಯೇ ಇಲ್ಲ! ಮಾವ ಒಂದು ಫ್ಲಾಪಿಯನ್ನು ಸಿ.ಡಿ. ತಟ್ಟೆಯಲ್ಲಿಟ್ಟು ಒಳಗೆ ತಳ್ಳಿ ನೋಡಿದ. ಅದು ಕಚ್ಚಿಕೊಂಡು ಬಿಡಲೇ ಇಲ್ಲ. ಪುಣ್ಯಕ್ಕೆ ಅದು ಬೇರೆ ಯಾರದೋ ಮದುವೆ. "ಬಾಯಿಲ್ದಿರೋ ಮಿಶೀನು ತಂದಿದ್ದೀಯಲ್ಲೋ!" ಎಂದು ಬೈಗುಳ ನನಗೆ. ಕೊನೆಗೆ ಮಾವನೇ ಮೈಸೂರಿನಲ್ಲಿ ಅಲೆದು, ವೈರಿನಿಂದ ಸಿಕ್ಕಿಸುವ ಫ್ಲಾಪಿ ಡ್ರೈವೊಂದನ್ನು ಹುಡುಕಿ, ಟವಲಿನಲ್ಲಿ ಸುತ್ತಿ ಬಸ್ಸಿನಲ್ಲಿ ಎದೆಗವಚಿಕೊಂಡು ತಂದ. "ಕೋಳಿಮರಿಯಾ? ಅದಕ್ಕೂ ಟಿಕೆಟ್ ತಗೋಬೇಕು" ಎಂದನಂತೆ ಕಂಡಕ್ಟರ್!

ಕುಂಕುಮದ ಫ್ಲಾಪಿ ಡ್ರೈವಿನೊಳಗೆ ಹೋಯಿತು. ಕರಕರ ಎಂದು ನಿಂತಿತು. ಓದಲಾಗುವುದಿಲ್ಲ ಎಂದಿತು ಕಂಪ್ಯೂಟರ್. ಮಾವ ಹೊರತೆಗೆದು, ಪಂಚೆಯಲ್ಲಿ ಒರೆಸಿ, ಉಫ್ ಎಂದು ಊದಿ ಮತ್ತೆ ಹಾಕಿದ. ನಗಲು ತಯಾರಾಗಿ ಕೂತಿದ್ದ ನಾನೂ ಯಾಕೋ ಬಗ್ಗಿ ಡ್ರೈವಿಗೆ ಕಿವಿಗೊಟ್ಟೆ. ಕರಕರ, ಕರಕರ... ಪತ್ರಿಕೆ ತೆರೆಯಿತು!

ಮಾವ ಹೆಣ್ಣುಗಂಡಿನ ಹೆಸರು, ತಾರೀಕು ಬದಲಾಯಿಸಿ ಕೈ ಎತ್ತಿದ. ಸುಖಾಗಮನ ಬಯಸುವವರಲ್ಲಿ ಅತ್ತೆಯ ಹೆಸರು ಇದ್ದ ಹಾಗೇ ಇತ್ತು. ಮತ್ತೆ ಮರೆತನಲ್ಲ ಈ ಮಹಾನುಭಾವ ಎಂದುಕೊಂಡು, "ಮಾವ, ಅತ್ತೆ ಹೆಸ್ರಿಗೆ ದಿವಂಗತ ಅಂತ ಸೇರಿಸ್ಬೇಕಲ್ವಾ?" ಎಂದೆ.

ಮಾವ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಟೈಪ್ ಮಾಡ್ದೋಳು ಅವ್ಳು ಕಣ್ಲಾ. ಅವ್ಳೇ ಸೇರಿಸ್ಕಂಡಿಲ್ಲ. ಸೇರ್ಸಾಕೆ ನಾನ್ಯಾವೋನು?"