ಪರದೆಯಾಚೆಯ ವೀಳ್ಯ

ಈ ಪ್ರಸಂಗ ನಡೆದದ್ದು ಕಳೆದ ಕಾರ್ತಿಕ ಮಾಸದ ಎರಡನೆಯ ಸೋಮವಾರ, ಬೆಳಿಗ್ಗೆ. ಆಧಾರ: ನಂಜನಗೂಡಿನ ನಮ್ಮ ಮನೆಯ ಅಡುಗೆಕೋಣೆಯ ಕ್ಯಾಲೆಂಡರು; ಅದನ್ನು ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಶಾಸನಗಳ ಕಾಲನಿರ್ಣಯದಲ್ಲಿಯೇ ಸೇವಾವಧಿ ಸವೆಸಿ ನಿವೃತ್ತನಾದವನಿಗೆ ನೆನಪಿನ ಮೇಲೆ ನಂಬಿಕೆ ಉಳಿಯುವುದಿಲ್ಲ, ವಿಶೇಷವಾಗಿ ಇತರರ ನೆನಪಿನ ಮೇಲೆ. ನನ್ನ ಪತ್ನಿ ಸರ್ವಮಂಗಳೆ, “ನಮ್ಮ ಮದುವೆ ದಿನ ಮಳೆ ಬಂದಿತ್ತು” ಎಂದರೂ ನಾನು “ಆಧಾರ?” ಎಂದು ಕೇಳುವವನು. ಆಗ ಆಕೆ ಕಾಫಿಯ ಲೋಟವನ್ನು ಮೇಜಿನ ಮೇಲೆ ಕೊಂಚ ಜೋರಾಗಿಯೇ ಇಡುತ್ತಾಳೆ. ಸದ್ದನ್ನು ಆಧಾರವೆಂದು ಪರಿಗಣಿಸಲು ಬರುವುದಿಲ್ಲ.

ಆ ಮದುವೆಯಲ್ಲಿ ಹಸೆಯ ಪಕ್ಕ ಕುಳಿತು ಸೋಬಾನೆ ಹೇಳಿದವರು ಟಿ. ನರಸೀಪುರದ ದೊಡ್ಡತಾಯಮ್ಮ. ಆಗ ಅವರಿಗೆ ಹರೆಯ. ಸುತ್ತಿನ ಹಳ್ಳಿಗಳಲ್ಲಿ ಅವರು ಒಪ್ಪಿದ ಮೇಲೆಯೇ ಮದುವೆಯ ದಿನ ನಿಶ್ಚಯವಾಗುತ್ತಿತ್ತಂತೆ. ಈಗ ಕಲ್ಯಾಣಮಂಟಪಗಳಲ್ಲಿ ಪೆನ್‌ಡ್ರೈವು ಸೋಬಾನೆ ಹೇಳುತ್ತದೆ. ದೊಡ್ಡತಾಯಮ್ಮನವರನ್ನು ಕರೆಯುತ್ತಾರೆ, ಆದರೆ ಊಟಕ್ಕೆ. “ಪದ ಎಲ್ಲ ಬಾಯೊಳಗೇ ಒಣಗೋಯ್ತಾವೆ ಸಾ, ಯಾರ್ಗಾದ್ರೂ ಕೊಟ್ಬುಟ್ಟು ಓಗ್ಬೇಕು” ಎಂದು ಅವರು ನಮ್ಮ ಜಗಲಿಯಲ್ಲಿ ಕುಳಿತು ಹೇಳಿದ ಕೆಲವೇ ದಿನಗಳಲ್ಲಿ, ಮೈಸೂರಿನ ದೊಡ್ಡ ಶಾಲೆಯೊಂದು ಮಕ್ಕಳಿಗೆ ಆನ್‌ಲೈನಿನಲ್ಲಿ ಜನಪದ ಹಾಡು ಕಲಿಸುವವರು ಬೇಕೆಂದು ಪ್ರಕಟಿಸಿತು. ಕಾಲದ ವಿಚಿತ್ರ ನೋಡಿ: ದೊಡ್ಡತಾಯಮ್ಮನವರ ಬೀದಿಯಲ್ಲಿ ಅಣ್ಣತಂಗಿಯರು ಒಂದೇ ಮೊಬೈಲಿಗೆ ಜಗಳವಾಡಿಕೊಂಡು ಇಂಗ್ಲಿಷ್ ಪಾಠ ಕೇಳುತ್ತಿರುವಾಗ, ಮೈಸೂರಿನ ಮಕ್ಕಳು ತಲೆಗೊಂದು ಪರದೆ ಹಿಡಿದು ನರಸೀಪುರದ ಪದ ಕಲಿಯಲು ಸಜ್ಜಾಗಿದ್ದರು. ಆಯ್ಕೆಯೂ ವೀಡಿಯೊ ಕರೆಯಲ್ಲಿಯೇ. ಹಾಡಲು ಅವಕಾಶ ಒಮ್ಮೆ ಮಾತ್ರ. ತಪ್ಪಿದರೆ ಮುಂದಿನವರ ಸರದಿ.

ನಮ್ಮ ಮನೆಯಲ್ಲಿ ಲ್ಯಾಪ್‌ಟಾಪೂ ರೂಟರೂ ಇದ್ದುದರಿಂದ ದೊಡ್ಡತಾಯಮ್ಮ ಮೊದಲ ಬಸ್ಸಿಗೇ ಬಂದಿಳಿದರು. ಗಾಂಭೀರ್ಯ ಇರಲೆಂದು ನಾನು ಅವರನ್ನು ನನ್ನ ಪುಸ್ತಕದ ಕಪಾಟಿನ ಮುಂದೆ ಕೂರಿಸಿದೆ. ಎಲ್ಲ ಅಭ್ಯರ್ಥಿಗಳೂ ಒಂದೇ ಕರೆಯಲ್ಲಿ ಸರದಿ ಕಾಯಬೇಕಿತ್ತು. ನಮಗಿಂತ ಮುಂಚೆ ಹಾಡಿದ ಯುವತಿಯ ಮುಖಕ್ಕೆ ಬಳೆಯಾಕಾರದ ದೀಪದ ಬೆಳಕು, ಬೆನ್ನ ಹಿಂದೆ ಹುಲ್ಲಿನ ಗುಡಿಸಲು.

“ಗುಡ್ಲಲ್ಲಿ ಅವ್ಳಲ್ಲ, ಪಾಪ” ಎಂದು ದೊಡ್ಡತಾಯಮ್ಮ ಮರುಗಿದರು.

“ಅದು ಬರೀ ಚಿತ್ರ ಕಣಮ್ಮ. ಅವರದು ದೊಡ್ಡ ಮನೆಯೇ ಇರಬೇಕು.”

“ಮತ್ತೆ ನನ್ನಿಂದೆ ಇರೋ ಪುಸ್ತಕ?”

“ಅವು ನಿಜವಾದವು.”

“ಎಲ್ಲಾನೂವೆ ಓದಿದ್ದೀರಾ ಸಾ?”

ನಾನು ಕ್ಯಾಮೆರಾ ಸರಿಪಡಿಸುವುದರಲ್ಲಿ ಮಗ್ನನಾದೆ.

ಅಷ್ಟರಲ್ಲಿ ಆಯ್ಕೆ ಸಮಿತಿಯ ಮಹಿಳೆ, “ದೊಡ್ಡತಾಯಮ್ಮ ಮೇಡಂ, ಸ್ಟಾರ್ಟ್ ಮಾಡಿ” ಎಂದರು. ದೊಡ್ಡತಾಯಮ್ಮ ಸೆರಗು ಸರಿಪಡಿಸಿಕೊಂಡು, ಬೆನ್ನು ನೇರ ಮಾಡಿ, ತುಟಿ ಬಿಗಿಹಿಡಿದು ಕುಳಿತರು. ಹಾಡಲಿಲ್ಲ. “ಮೇಡಂ, ನಿಮ್ಮ ವಾಯ್ಸ್ ಬರ್ತಿಲ್ಲ.” ಕಾರ್ತಿಕ ಸೋಮವಾರ ದೇವಸ್ಥಾನಕ್ಕೆ ಜನ ನೆರೆದರೆ ಊರಿನ ನೆಟ್ಟು ಬಸವಳಿಯುತ್ತದೆಂಬುದು ನನ್ನ ಬಹುದಿನಗಳ ಸಿದ್ಧಾಂತ. ಮೈಕನ್ನು ಆರಿಸಿ ಹಚ್ಚಿದೆ, ರೂಟರಿನ ತಂತಿಯನ್ನು ಅಲುಗಾಡಿಸಿದೆ. ಪರದೆಯಲ್ಲಿ ಎಲ್ಲರೂ ಕಾಯುತ್ತಿದ್ದರು. “ಸರ್, ಆಗದಿದ್ದರೆ ನೆಕ್ಸ್ಟ್ ಅವರನ್ನ ತಗೊಳ್ತೀವಿ.” ನಾನು ಗೋಗರೆಯುವ ದನಿಯಲ್ಲಿ, “ಹಾಡಿ ತಾಯಿ, ಇಷ್ಟು ದೂರ ಬಂದು ಸುಮ್ಮನೆ ಕೂತಿರಲ್ಲ!” ಎಂದೆ.

“ವೀಳ್ಯ ಎಲ್ಲಿ?” ಎಂದರು ದೊಡ್ಡತಾಯಮ್ಮ.

“ಏನು?”

“ಎಲೆಅಡ್ಕೆ ಕೊಟ್ಟು ಕರೀದೆ ಯಾವ ಮನೇಲಿ ಸೋಬಾನೆ ಏಳಿವ್ನಿ ನಾನು? ಸ್ಟಾರ್ಟ್ ಅಂದೇಟ್ಗೆ ಆಡಾಕೆ ನಾನೇನು ಗುಂಡಿ ಒತ್ತೋ ಪೆಟ್ಗೆಯಾ? ಅದ ಬಾಯ್ಬುಟ್ಟು ಕೇಳಿ ಈಸ್ಕಬೇಕಾ?”

ಮೈಕು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತೆಂಬುದು ಆಗ ಎಲ್ಲರಿಗೂ ತಿಳಿಯಿತು. ಸಮಿತಿಯ ಮಹಿಳೆ ಗಲಿಬಿಲಿಗೊಂಡು, “ಮೇಡಂ, ನಾವು ಮೈಸೂರಲ್ಲಿದ್ದೀವಿ, ಎಲೆ ಹೇಗೆ ಕೊಡೋದು?” ಎಂದರು. ಇನ್ನಾರೋ ಪುಟ್ಟದೊಂದು ಹಸಿರೆಲೆಯ ಚಿತ್ರವನ್ನು ಪರದೆಯ ಮೇಲೆ ತೇಲಿಬಿಟ್ಟರು. “ಇದ ಅಗಿಯಾಕಾದದಾ?” ಎಂದು ದೊಡ್ಡತಾಯಮ್ಮ ತಮ್ಮ ಚೀಲಕ್ಕೆ ಕೈ ಹಾಕಿದರು, ಎದ್ದು ಹೊರಡುವವರಂತೆ.

ಆಗ ನಾನು ಸಮಯಪ್ರಜ್ಞೆ ಮೆರೆದು, ದೇವರ ಮನೆಯಿಂದ ವೀಳ್ಯದೆಲೆ, ಅಡಿಕೆಯ ತಟ್ಟೆ ತಂದೆ. ಅದನ್ನು ಮೊದಲು ಪರದೆಯತ್ತ ಚಾಚಿ, ಅತ್ತಲಿನ ಮಹಿಳೆ ಮುಟ್ಟುವಂತೆ ಕೈ ಮುಂದೆ ತಂದ ಮೇಲೆ, “ಶಾಲೆಯವರ ಪರವಾಗಿ” ಎಂದು ದೊಡ್ಡತಾಯಮ್ಮನವರ ಕೈಗಿತ್ತೆ. ಅವರು ಕಣ್ಣಿಗೊತ್ತಿಕೊಂಡರು. ಹಾಡಿದರು. ದನಿ ಒಡೆದಿತ್ತು, ಏರಿನಲ್ಲಿ ಒಮ್ಮೆ ಉಸಿರು ಸಾಲದೆ ನಿಂತರು. ಆದರೂ ಮುಗಿಯುವವರೆಗೆ ಯಾರೂ ಮಿಸುಕಲಿಲ್ಲ. ಗುಡಿಸಲಿನ ಯುವತಿ ತನ್ನ ದೀಪ ಆರಿಸಿಕೊಂಡು ಕೇಳುತ್ತಿದ್ದಳು. ಅವಳ ಗುಡಿಸಲೂ ಯಾವಾಗಲೋ ಮಾಯವಾಗಿ ಹಿಂದೆ ಸೋಫಾ ಕಾಣುತ್ತಿತ್ತು.

ದೊಡ್ಡತಾಯಮ್ಮ ಆಯ್ಕೆಯಾದರು. ಈಗ ಪ್ರತಿ ತರಗತಿಗೂ ಮೊದಲು ಮಕ್ಕಳೆಲ್ಲ ನಿಜವಾದ ಎಲೆಯೊಂದನ್ನು ಕ್ಯಾಮೆರಾಕ್ಕೆ ಹಿಡಿಯಬೇಕು. ಶಾಲೆಯವರು ಅವರ ಪರಿಚಯಲೇಖನವನ್ನು ನನ್ನಿಂದಲೇ ಬರೆಯಿಸಿದರು. ಮೇಲಿನ ವೃತ್ತಾಂತವನ್ನು ಬರೆದು, ರೂಢಿಯಂತೆ, ಶಾಲೆಯವರು ಇಟ್ಟುಕೊಂಡಿದ್ದ ಆ ದಿನದ ಕರೆಯ ವೀಡಿಯೊ ತರಿಸಿ ತಾಳೆ ನೋಡಿದೆ. ಒಂದು ವ್ಯತ್ಯಾಸವನ್ನು ದಾಖಲಿಸಬೇಕಾಗಿದೆ. ವೀಡಿಯೊದಲ್ಲಿ ತಟ್ಟೆ ಹಿಡಿದ ಕೈಯಲ್ಲಿ ಹಸಿರು ಗಾಜಿನ ಬಳೆಗಳಿವೆ. ಅದೇ ಹೊತ್ತಿಗೆ, ಪರದೆಯ ಮೂಲೆಯಲ್ಲಿ, ಮೇಜಿನ ಕೆಳಗೆ ಬಗ್ಗಿದ ಪುರುಷನೊಬ್ಬನ ಬೆನ್ನು ಕಾಣುತ್ತದೆ. “ಇದು ನೆಟ್ಟಿನದೇ ತೊಂದರೆ, ಅನುಮಾನವೇ ಇಲ್ಲ” ಎಂಬ ಪರಿಚಿತ ಧ್ವನಿ ಕೇಳುತ್ತದೆ.

ಅಡುಗೆಕೋಣೆಗೆ ಹೋಗಿ, “ಅವತ್ತು ವೀಳ್ಯ ಕೊಟ್ಟವಳು ನೀನೇನೆ?” ಎಂದು ಕೇಳಿದೆ.

ಸರ್ವಮಂಗಳೆ ಹೆಚ್ಚುತ್ತಿದ್ದ ಬದನೆಕಾಯಿಯಿಂದ ಕಣ್ಣೆತ್ತದೆ ಹೇಳಿದಳು: “ಆಧಾರ?”