ಗಾಲಿಯ ಹಿಂದಿನ ನಿಂಬೆಹಣ್ಣು

ಮಾಸ್ತರಾದವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ತಪ್ಪು ಎಲ್ಲೇ ಆಗಿರಲಿ, ಅದು ಎದುರಿಗೆ ನಿಂತವರದ್ದೇ ಎಂದು ಮೊದಲು ತೀರ್ಮಾನಿಸಿ, ಕಾರಣವನ್ನು ಆಮೇಲೆ ನಿಧಾನಕ್ಕೆ ಹುಡುಕುತ್ತೇವೆ. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದ ನನಗೆ ಇದು ರಕ್ತಕ್ಕೇ ಇಳಿದಿದೆ. ಈಗ ಹೇಳಹೊರಟ ಸಂಗತಿ ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಆದರೂ ಹೇಳುತ್ತೇನೆ. ಓಣಿಗೆಲ್ಲ ಗೊತ್ತಾದದ್ದನ್ನು ನಿಮ್ಮೊಬ್ಬರಿಂದ ಮುಚ್ಚಿಟ್ಟು ಏನು ಮಾಡಲಿ?

ನಮ್ಮ ಮನೆ ಕೊಪ್ಪಳದಲ್ಲಿ. ನನ್ನ ಶಾಲೆ ಕುಷ್ಟಗಿ ರಸ್ತೆಯ ಒಂದು ಹಳ್ಳಿಯಲ್ಲಿ, ಹೆಂಡತಿ ಸುವರ್ಣಾ ಕಿನ್ನಾಳದ ಆಸ್ಪತ್ರೆಯಲ್ಲಿ ನರ್ಸ್. ಇಬ್ಬರೂ ಸೇರಿ ಕೊಂಡ ಕಾರು ಒಂದೇ. ನಲವತ್ತೈದರ ವಯಸ್ಸಿನಲ್ಲಿ ಅವಳು ಹಟ ಹಿಡಿದು ಡ್ರೈವಿಂಗ್ ಕಲಿತಳು, ಲೈಸೆನ್ಸ್ ತಂದಳು, ವಾರಕ್ಕೆ ಮೂರು ದಿನ ಕಾರು ತನ್ನದೆಂದು ಕರಾರು ಮಾಡಿಕೊಂಡಳು. ಸಂಜೆ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಮನೆಯೊಳಗೆ ಬರುವಾಗ ಅವಳ ಮುಖ ನೋಡಬೇಕಿತ್ತು.

ಹೀಗಿರುವಾಗ ಒಂದು ದಿನ ಬಂದು, "ರೀ, ಸ್ಟೇರಿಂಗ್ ಹಿಂದ ಒಂದು ಹಳದಿ ದೀಪ ಹತ್ತೈತಿ. ಏಬಿಎಸ್ ಅಂತ ಬರದೈತಿ. ಆರವಲ್ದು," ಎಂದಳು. ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಗಕ್ಕನೆ ಬಿಗಿದು ಕಾರು ಜಾರದಂತೆ ನೋಡಿಕೊಳ್ಳುವ ಏರ್ಪಾಡು ಅದು. ದೀಪ ಹತ್ತಿದರೆ ಅದು ರಜೆ ಹಾಕಿದೆ ಎಂದರ್ಥ, ಮಾಮೂಲಿ ಬ್ರೇಕಷ್ಟೇ ಗತಿ. ನಾನು ಅಂಗಳದಲ್ಲೇ ನಿಂತು, ಎದುರು ಮನೆಯ ಬಸಣ್ಣನವರಿಗೂ ಕೇಳುವ ಹಾಗೆ, "ಎಷ್ಟ್ ಸಲ ಹೇಳೇನಿ ನಿನಗ? ಬ್ರೇಕ್ ಅಂದ್ರ ಹೊಲಿಗಿ ಮಷೀನಿನ ಪೆಡಲ್ ಅಲ್ಲ. ತುಳದು ತುಳದು ಹಾಳ ಮಾಡಿದಿ. ರಿಪೇರಿ ಆಗೂತನಕ ಕೀಲಿ ನನ್ನ ಕಡೆ ಇರ್ಲಿ," ಎಂದುಬಿಟ್ಟೆ. ಅವಳು ಕೀಲಿಯನ್ನು ನನ್ನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಮರುದಿನದಿಂದ ಕಿನ್ನಾಳದ ಬಸ್ಸಿನಲ್ಲಿ ನಿಂತುಕೊಂಡು ಹೋದವಳು ಅವಳು. ಅದೇ ದೀಪ ಹಚ್ಚಿಕೊಂಡು ದಿನಾ ಕಾರಿನಲ್ಲಿ ಹೋದವನು ನಾನು.

ಗ್ಯಾರೇಜಿಗೆ ಒಯ್ಯಬಹುದಿತ್ತು. ಆದರೆ ವಿಜ್ಞಾನದ ಮಾಸ್ತರ ಒಂದು ದೀಪ ಆರಿಸಲು ಗ್ಯಾರೇಜಿಗೆ ಹೋಗುವುದೇ? ಮೊಬೈಲಿನಲ್ಲಿ ವಿಡಿಯೋ ನೋಡಿ ಮನೆಯಲ್ಲೇ ಶುರು ಮಾಡಿದೆ. ಮೊದಲ ಭಾನುವಾರ ಬ್ರೇಕ್ ಆಯಿಲ್ ನೋಡಿದೆ, ಸರಿಯಿತ್ತು. ಎರಡನೆಯ ಭಾನುವಾರ ಫ್ಯೂಸ್ ಹುಡುಕುತ್ತ ಹಾರ್ನಿನ ಫ್ಯೂಸ್ ಕಿತ್ತು ಎಲ್ಲಿಟ್ಟೆನೋ ಮರೆತೆ. ಸೋಮವಾರ ಕಿಟಕಿಯಿಂದ ತಲೆ ಹೊರಹಾಕಿ ಎಮ್ಮೆಗಳಿಗೆ "ಹೋಯ್, ಹೋಯ್" ಎನ್ನುತ್ತ ಶಾಲೆ ಮುಟ್ಟಿದೆ. ಮೂರನೆಯ ಭಾನುವಾರದ ಹೊತ್ತಿಗೆ, ಕಾರಿಗೆ ಚುಚ್ಚಿ ದೋಷ ಓದುವ ಸ್ಕ್ಯಾನರ್ ಅಂಚೆಯಲ್ಲಿ ಬಂದಿತ್ತು. ಎಡಗಡೆ ಮುಂದಿನ ಗಾಲಿಯ ಸೆನ್ಸರಿನಿಂದ ಸುದ್ದಿಯೇ ಬರುತ್ತಿಲ್ಲ ಎಂದು ಅದು ಹೇಳಿತು.

"ನೋಡ್ರಿ ಬಸಣ್ಣಾರ," ಎಂದು ಕೂಗಿದೆ, "ಗಂಗಾವತಿಗೆ ತಂಗಿ ಮನಿಗೆ ಹೋದಾಗ ಕಲ್ಲಿಗೆ ಬಡಸ್ಯಾಳ!"

ಬಸಣ್ಣನವರು ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ಕೈಯಲ್ಲಿ ನಟ್ ಬಿಚ್ಚುವ ಪಾನಾ ಹಿಡಿದೇ ಬಂದರು. "ತಡೀರಿ ಮಾಸ್ತರ್ರ, ಗಾಲಿ ಬಿಚ್ಚಿ ನೋಡೂಣು. ಕಲ್ಲಿಗೆ ಬಡದಿದ್ರ ಗುರುತು ಇರಬೇಕಲ್ಲ," ಎಂದು ಜಾಕ್ ಏರಿಸಿದರು. ಸುವರ್ಣಾ ಚಹಾ ತಂದು ಕಟ್ಟೆಯ ಮೇಲೆ ನಿಂತಳು. ಮೂರನೆಯ ನಟ್ ಸಡಿಲಾಗುತ್ತಿದ್ದಂತೆ ನನಗೆ ಒಂದು ಮಾತು ನೆನಪಾಯಿತು. "ಬ್ಯಾಡ್ರಿ ಬಸಣ್ಣಾರ, ಬಿಡ್ರಿ, ಗ್ಯಾರೇಜಿಗೇ ಒಯ್ಯೂಣು," ಎಂದೆ. ಅಷ್ಟರಲ್ಲಿ ಗಾಲಿ ಅವರ ಕೈಯಲ್ಲಿತ್ತು.

ನೆನಪಾದದ್ದು ಇಷ್ಟು. ವರ್ಷಕ್ಕೊಮ್ಮೆ ವಿಜ್ಞಾನ ದಿನದಂದು ನಾನು ಮೂಢನಂಬಿಕೆಯ ಮೇಲೆ ಭಾಷಣ ಮಾಡುತ್ತೇನೆ. ಯಾರೋ ದೃಷ್ಟಿ ತೆಗೆದು ಎಸೆದ ನಿಂಬೆಹಣ್ಣನ್ನು ತಂದು, ತೊಳೆದು, ಮಕ್ಕಳ ಮುಂದೆ ಶರಬತ್ತು ಮಾಡಿ ಗಟಗಟ ಕುಡಿಯುತ್ತೇನೆ. ಚಪ್ಪಾಳೆಯೋ ಚಪ್ಪಾಳೆ. ಅಂಥ ನಾನು, ಸುವರ್ಣಾ ಮೊದಲ ಸಲ ಒಬ್ಬಳೇ ಕಾರು ಹೊಡೆಯುವ ದಿನ ಬೆಳಗ್ಗೆ ಹೆದರಿ ಬೆವತುಹೋದೆ. ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ, ಕರಿ ದಾರ. ಬಂಪರಿಗೆ ಕಟ್ಟಿದರೆ ಶಾಲೆಯವರು ನೋಡುತ್ತಾರಲ್ಲ! ಗಾಲಿಯ ಹಿಂದೆ ಕೈ ತೂರಿಸಿ, ಸಿಕ್ಕ ಒಂದು ವೈರಿಗೆ ಕಟ್ಟಿಬಿಟ್ಟೆ. ಆಮೇಲೆ ಪ್ರತಿ ಅಮಾವಾಸ್ಯೆಗೂ ಹೊಸದು. ಹಳೆಯದನ್ನು ಬಿಚ್ಚಲು ಧೈರ್ಯವಾಗಲಿಲ್ಲ.

ಆ ವೈರೇ ಸೆನ್ಸರಿನದು. ಐದು ಅಮಾವಾಸ್ಯೆಯ ಒಣಗಿದ ಗೊಂಚಲು ಗಾಲಿಗೆ ಸಿಕ್ಕಿ, ಜಗ್ಗಿ, ವೈರಿನ ಪ್ಲಗ್ಗನ್ನೇ ಕಿತ್ತಿತ್ತು. ಬಸಣ್ಣನವರು ಅದನ್ನು ಬಿಡಿಸಿ ಎತ್ತಿ ಹಿಡಿದು, "ಇದ್ಯಾವ ಕಂಪನಿ ಸಾಮಾನ್ರಿ ಮಾಸ್ತರ್ರ?" ಎಂದರು. ಆಮೇಲೆ ಕಟ್ಟೆಯ ಕಡೆ ತಿರುಗಿ, "ಸುವರ್ಣವ್ವ, ನೀ ಕಟ್ಟಿದ್ದೇನವಾ?" ಎಂದು ಕೇಳಿದರು. ಆಗ ನಾನು "ಅಲ್ಲ" ಎನ್ನಬೇಕಿತ್ತು. ಅನ್ನಲಿಲ್ಲ. ಸುಮ್ಮನೆ ಟಾಯರ್ ನೋಡುತ್ತ ಕುಳಿತೆ. ಇಡೀ ಪ್ರಸಂಗದಲ್ಲಿ ನನಗೆ ಹೆಚ್ಚು ನಾಚಿಕೆ ತರುವುದು ಆ ಸುಮ್ಮನಿದ್ದ ಅರ್ಧ ನಿಮಿಷ.

"ನಾ ಕಟ್ಟೂದಿದ್ರ ಎಲ್ಲಾರಿಗೂ ಕಾಣೂ ಹಂಗ ಮುಂದ ಕಟ್ಟತಿದ್ದೆ," ಎಂದು ಸುವರ್ಣಾ ಒಳಗೆ ಹೋದಳು.

ಬಸಣ್ಣನವರು ಪ್ಲಗ್ ಒರೆಸಿ ಟಕ್ಕೆಂದು ಕೂರಿಸಿ, ಗಾಲಿ ಹಾಕಿ, ಓಣಿಯಲ್ಲಿ ಒಂದು ಸುತ್ತು ಹೊಡೆದು ಬಂದರು. ದೀಪ ಆರಿತ್ತು. ನಾನು ಅಡುಗೆಮನೆಗೆ ಹೋಗಿ ಮೆಲ್ಲಗೆ, "ತಪ್ಪಾತು ಸುವರ್ಣಾ," ಎಂದೆ. ಅವಳು ಈರುಳ್ಳಿ ಹೆಚ್ಚುತ್ತಲೇ, "ಬೈದದ್ದು ಅಂಗಳದಾಗ. ತಪ್ಪಾತು ಅನ್ನೂದು ಅಡಗಿ ಮನ್ಯಾಗೇನ್ರಿ?" ಎಂದಳು.

ಹೊರಗೆ ಬಂದೆ. ನಾಲ್ಕು ಹೆಜ್ಜೆಯ ಅಂಗಳ ಅಂದು ಮುಗಿಯಲೇ ಇಲ್ಲ. "ಬಸಣ್ಣಾರ, ಕಾರ್ ಕೆಡಿಸಿದಾಕಿ ಸುವರ್ಣಾ ಅಲ್ರಿ, ನಾನ. ಲಿಂಬಿಹಣ್ಣು ಕಟ್ಟಿದಾವನೂ ನಾನ. ಆಕಿಗೆ ಸುಮ್‌ಸುಮ್ಮನ ಬೈದೆ," ಎಂದು ಜೋರಾಗಿಯೇ ಹೇಳಿದೆ. ಪಕ್ಕದ ಮನೆಯ ಕಿಟಕಿಯೊಂದು ತೆರೆಯಿತು. ಬಸಣ್ಣನವರು ಕೈ ಒರೆಸಿಕೊಳ್ಳುತ್ತ, "ಹೌದ್ರಿ? ಪ್ರತಿ ಅಮಾಸಿ ಮುಂಜಾನಿ ಗಾಲಿ ಮುಂದ ಕುಂತಿರತಿದ್ರಿ. ಇವರ ಗಾಡಿ ಅಮಾಸಿಗೇ ಯಾಕ ಪಂಚರ್ ಆಕ್ಕೈತಿ ಅಂತ ನಾ ಅನಕೋತಿದ್ದೆ," ಎಂದರು.

ಒಳಗೆ ಹೋಗಿ ಕೀಲಿಯನ್ನು ಅವಳ ಕೈಗೇ ಕೊಟ್ಟೆ. ಈಗ ಕಾರು ವಾರಕ್ಕೆ ನಾಲ್ಕು ದಿನ ಅವಳದು, ಬಸ್ಸಿನಲ್ಲಿ ನಿಲ್ಲುವ ಸರದಿ ನನ್ನದು. ಮೊನ್ನೆ ಅಮಾವಾಸ್ಯೆಯೂ ಅವಳ ದಿನವೇ. ಅವಳು ಕಾರು ಹತ್ತಿದಾಗ ನಾನು ಕಿಸೆಯಲ್ಲಿ ಕೈಯಿಟ್ಟು ಗೇಟಿನ ಹತ್ತಿರ ನಿಂತಿದ್ದೆ. ಅವಳು ಗಾಜು ಇಳಿಸಿ ಕೈ ಚಾಚಿದಳು. "ತರ್ರಿ ಇಲ್ಲೆ."

"ಏನು?" ಎಂದೆ.

"ಕಿಸೇದಾಗಿಂದು."

ಕೊಟ್ಟೆ. "ಛಲೋ ಹಣ್ಣು ಐತಿ. ಮಧ್ಯಾಹ್ನ ಶರಬತ್ ಮಾಡ್ಕೊಂಡು ಕುಡಿತೀನಿ," ಎಂದು ನಿಂಬೆಹಣ್ಣನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ನಾನೂ ಬಸ್‌ಸ್ಟ್ಯಾಂಡಿನ ದಾರಿ ಹಿಡಿದೆ. ಮೆಣಸಿನಕಾಯಿ ಏಳೂ ಇನ್ನೊಂದು ಕಿಸೆಯಲ್ಲೇ ಉಳಿದಿದ್ದವು.